ನಾಲ್ಕು ಬೆರಳಿನ ಬಲೆ

ಮೀನಿನ ವಯಸ್ಸು ಹೇಳುವುದು ನನ್ನ ಕೆಲಸ. ಹೀಗೆಂದ ಕೂಡಲೇ ಎದುರಿಗಿದ್ದವರು, "ಯಾಕೆ, ಅವಕ್ಕೆ ಗಂಡು ನೋಡ್ತಿದೀರಾ?" ಎಂದು ನಗುತ್ತಾರೆ. ಒಂಬತ್ತು ವರ್ಷಗಳಿಂದ ಇದೇ ತಮಾಷೆಯನ್ನು ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. ಈಗೀಗ ಸೌಜನ್ಯಕ್ಕೂ ನಗುವುದಿಲ್ಲ. ಮೊದಲೇ ನನ್ನದು ಮೂಗಿನ ತುದಿಯ ಕೋಪ.

ಮೀನಿನ ತಲೆಯೊಳಗೆ, ಮೆದುಳಿನ ಬುಡದಲ್ಲಿ, ಎರಡು ಪುಟ್ಟ ಕಲ್ಲುಗಳಿರುತ್ತವೆ. ಕಿವಿಗಲ್ಲು ಎನ್ನುತ್ತೇವೆ. ಮೀನು ಬೆಳೆದ ಹಾಗೆ ಕಲ್ಲೂ ಬೆಳೆಯುತ್ತದೆ, ವರ್ಷಕ್ಕೊಂದು ಗೆರೆ. ಆ ಕಲ್ಲನ್ನು ನಡುವೆ ಮುರಿದು, ಸ್ಪಿರಿಟ್ ದೀಪದ ಮೇಲೆ ಕಂದು ಬಣ್ಣ ಬರುವವರೆಗೆ ಸುಟ್ಟು, ಒಂದು ತೊಟ್ಟು ಎಣ್ಣೆ ಬಿಟ್ಟು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಗೆರೆಗಳು ಎದ್ದು ಕಾಣುತ್ತವೆ. ನಾನು ಎಣಿಸಿ, ಚೀಟಿಯಲ್ಲಿ ಬರೆದು ಮಡಚಿಡುತ್ತೇನೆ. ಡಾಕ್ಟರಮ್ಮ ನನ್ನ ಚೀಟಿ ನೋಡದೆ ತಾವೇ ಎಣಿಸಿ ಇನ್ನೊಂದರಲ್ಲಿ ಬರೆಯುತ್ತಾರೆ. ಎರಡೂ ಒಂದೇ ಆದರೆ ಪುಸ್ತಕಕ್ಕೆ ಸೇರುತ್ತದೆ. ಬೇರೆಯಾದರೆ ಅವತ್ತು ಇಬ್ಬರಿಗೂ ಜಗಳ.

ಡಾಕ್ಟರಮ್ಮ ಇಪ್ಪತ್ತಾರು ವರ್ಷ ಸರ್ಕಾರದ ಇಲಾಖೆಯಲ್ಲಿದ್ದವರು. ಒಂದು ದಿನ ಮೇಲಿನವರು ಒಂದೇ ಒಂದು ಅಂಕಿ ಬದಲಾಯಿಸಿ ಎಂದರಂತೆ. ಇವರು ಪೆನ್ನಿನ ಮುಚ್ಚಳ ಹಾಕಿ, ಊಟದ ಡಬ್ಬಿ ಎತ್ತಿಕೊಂಡು ಮನೆಗೆ ಬಂದರಂತೆ. ಆಮೇಲೆ ಮಂಜುಗಡ್ಡೆ ಕಾರ್ಖಾನೆಯ ಮೇಲಿನ ಮೂರು ಕೋಣೆ ಹಿಡಿದು ಈ ಲ್ಯಾಬು ಶುರುಮಾಡಿದರು. ಸರ್ಕಾರದ ಹಂಗಿಲ್ಲ, ಕಂಪನಿಯ ಹಂಗಿಲ್ಲ. ಕೆಳಗೆ ಗಡ್ಡೆ ಪುಡಿಮಾಡುವ ಯಂತ್ರ ಶುರುವಾದರೆ ಮೇಲೆ ನಮ್ಮ ನೆಲ ನಡುಗುತ್ತದೆ, ಸೂಕ್ಷ್ಮದರ್ಶಕದೊಳಗಿನ ಗೆರೆಗಳು ಕುಣಿಯುತ್ತವೆ. ಅದು ನಿಲ್ಲುವ ತನಕ ಕೈಕಟ್ಟಿ ಕೂರಬೇಕು. ನಾನು ಕೆಲಸಕ್ಕೆ ಸೇರಿದ ದಿನ ಅವರು ಹೇಳಿದ್ದು ಇಷ್ಟೇ: "ಎಣಿಸೋವಾಗ, ಯಾರ ಕಡೆಯವಳು ನೀನು ಅನ್ನೋದನ್ನ ಮರೀಬೇಕು. ಊಟಕ್ಕೆ ಎದ್ದಾಗ ಬೇಕಾದ್ರೆ ನೆನಪು ಮಾಡ್ಕೊ."

ನಾನು ಯಾರ ಕಡೆಯವಳೆಂಬುದು ಎಲ್ಲರಿಗೂ ಗೊತ್ತು. ಸರ್ಕಾರದ ಕಾಗದಗಳಲ್ಲಿ ನಾವು ಮೂಲನಿವಾಸಿಗಳು. ಪೇಟೆಯವರ ಬಾಯಲ್ಲಿ ದಡದವರು. ಸರೋವರದ ದಡದಲ್ಲಿ ನಮ್ಮ ನಲವತ್ತು ಮನೆಗಳಿವೆ. ಕರಿಬೆನ್ನು ಎಂಬ ಮೀನು ಹಿಡಿದು ಬದುಕುತ್ತೇವೆ, ಎಷ್ಟು ತಲೆಮಾರಿನಿಂದಲೋ ಲೆಕ್ಕವಿಲ್ಲ. ಹನ್ನೆರಡು ವರ್ಷಗಳ ಹಿಂದೆ ಕಂಪನಿಯ ದೊಡ್ಡ ಬೋಟುಗಳು ಬಂದವು. ಅಲ್ಲಿಂದ ಜಗಳವೂ ಬಂತು.

ದಡದವರ ಸಂಘಕ್ಕೆ ನನ್ನ ಅಮ್ಮನೇ ಅಧ್ಯಕ್ಷೆ. ಅದಕ್ಕಿಂತ ಮೊದಲು ಅವಳು ಬಲೆ ಹೆಣೆಯುವವಳು. ನಲವತ್ತು ಮನೆಗೂ ಬಲೆ ಅವಳ ಕೈಯಿಂದಲೇ ಹೋಗಬೇಕು. ಬಲೆಯ ಕಣ್ಣನ್ನು ನಮ್ಮಲ್ಲಿ ಬೆರಳಲ್ಲಿ ಅಳೆಯುತ್ತಾರೆ. ಅಮ್ಮನದು ನಾಲ್ಕು ಬೆರಳಿನ ಬಲೆ: ನಾಲ್ಕು ಬೆರಳು ಜೋಡಿಸಿ ಕಣ್ಣಿನೊಳಗೆ ತೂರಿಸಿದರೆ ಬಿಗಿಯಾಗಿ ಕೂರಬೇಕು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಎರಡು ವರ್ಷದಿಂದ ಅವಳ ಕಣ್ಣಿಗೆ ಪೊರೆ ಬರುತ್ತಿದೆ. ದಾರವನ್ನು ಮೂಗಿನ ಹತ್ತಿರ ಹಿಡಿದು ಹೆಣೆಯುತ್ತಾಳೆ. ಕನ್ನಡಕ ಹಾಕಿಕೋ ಎಂದರೆ ನನ್ನನ್ನೇ ದುರುಗುಟ್ಟಿ ನೋಡುತ್ತಾಳೆ. ನನ್ನ ಕೋಪ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಲ್ಯಾಬಿಗೆ ಮೀನು ತಂದುಕೊಡುವವನು ಅಮ್ಮನ ತಮ್ಮ, ನನ್ನ ಮಾವ. ಮೂರು ವರ್ಷ ತಿಂಗಳು ತಪ್ಪದೆ ಸರೋವರದ ಆರು ಕಡೆ ಬಲೆ ಬಿಟ್ಟು, ಬಂದ ಮೀನನ್ನು ಹಲಗೆಯ ಮೇಲಿಟ್ಟು ಅಳೆದು, ಹಿಡಿದ ಜಾಗ, ತಾರೀಕು ಬರೆದು ತಂದುಕೊಟ್ಟಿದ್ದಾನೆ. ಆ ಅಳತೆ ಹಲಗೆ ಕಂಕುಳಲ್ಲಿಲ್ಲದೆ ಅವನು ಅಂಗಡಿಗೂ ಹೋಗದ್ದರಿಂದ ದಡದಲ್ಲಿ ಅವನಿಗೆ 'ಹಲಗೆ' ಎಂದೇ ಹೆಸರು ಬಿದ್ದಿದೆ. ಒಟ್ಟು ಆರುನೂರ ಹನ್ನೆರಡು ಮೀನು. ಒಂದಕ್ಕೂ ಏಳು ವರ್ಷ ದಾಟಿರಲಿಲ್ಲ. ಕರಿಬೆನ್ನು ಮೂವತ್ತು ವರ್ಷ ದಾಟಿಯೂ ಬದುಕುವ ಜಾತಿ. ಎಂಟನೆಯ ವರ್ಷಕ್ಕೆ ಮೊದಲ ಸಲ ಮೊಟ್ಟೆ ಇಡುತ್ತದೆ. ಏಳು ದಾಟಿದ್ದು ಒಂದೂ ಇಲ್ಲವೆಂದರೆ ಸರೋವರದಲ್ಲಿ ತಾಯಿ ಮೀನುಗಳೇ ಇಲ್ಲ ಎಂದರ್ಥ. ಬೋಟುಗಳು ಎಲ್ಲವನ್ನೂ ಗುಡಿಸಿ ಹಾಕಿವೆ, ಅವುಗಳ ಪರವಾನಗಿ ನಿಲ್ಲಿಸಿ ಎಂದು ನಾವು ವರದಿ ಕೊಟ್ಟೆವು. ಅಮ್ಮ ಅದರ ಕೊನೆಯ ಹಾಳೆಯನ್ನು ಸಂಘದ ಗೋಡೆಗೆ ಅಂಟಿಸಿ, ಬಂದವರಿಗೆಲ್ಲ "ನಮ್ಮ ಹುಡುಗಿ ಬರೆದಿದ್ದು" ಎಂದು ತೋರಿಸಿದಳು. ಶುಕ್ರವಾರ ವಿಚಾರಣೆ ಎಂದು ನಿಗದಿಯಾಯಿತು.

ಅಷ್ಟರಲ್ಲಿ ಕಂಪನಿಯ ವಕೀಲರಿಂದ ಒಂದು ಕಾಗದ ಬಂತು. ಮೀನು ಹಿಡಿದ ಕ್ರಮವನ್ನು ಲ್ಯಾಬಿನವರು ಯಾರಾದರೂ ಕಣ್ಣಾರೆ ಕಂಡಿದ್ದರೆ ಸಹಿ ಮಾಡಿಕೊಡಬೇಕು ಎಂದಿತ್ತು. ನಾನು ಕಂಡಿರಲಿಲ್ಲ. ನನ್ನ ಮಾವ ತಂದದ್ದನ್ನು ನಾನು ಅನುಮಾನಿಸುವುದೇ? ಆದರೆ ಕಾಣದ್ದಕ್ಕೆ ಸಹಿ ಹಾಕಲಾರೆ. ಶನಿವಾರ ಬೆಳಿಗ್ಗೆ, ಶಾಸ್ತ್ರಕ್ಕೆ ಒಂದು ಸಲ ನೋಡಿದಂತಾಗಲಿ ಎಂದು ಮಾವನ ದೋಣಿ ಹತ್ತಿದೆ.

ಬಂಡೆಗಳ ಕೊಲ್ಲಿಗೆ ಹೋದೆವು. ನೀರಿನೊಳಗೆ ಎಲ್ಲ ಕಡೆ ಕಲ್ಲು. ದೊಡ್ಡ ಬೋಟುಗಳು ಆ ಕಡೆ ತಲೆ ಹಾಕುವುದಿಲ್ಲ. ಹಿಂದಿನ ಸಂಜೆ ಬಿಟ್ಟ ಬಲೆಯನ್ನು ಮಾವ ಎಳೆಯತೊಡಗಿದ. ನಾಲ್ಕು ವರ್ಷದವು, ಐದು ವರ್ಷದವು, ಕಿವಿರಿನ ಬಳಿ ಸಿಕ್ಕಿಕೊಂಡು ಒಂದೊಂದಾಗಿ ಬಂದವು. ಆಮೇಲೆ ಬಲೆ ಭಾರವಾಯಿತು. ನನ್ನ ತೋಳಿನಷ್ಟುದ್ದದ ಮೀನೊಂದು, ಹೊಟ್ಟೆ ತುಂಬ ಮೊಟ್ಟೆ, ಮೂತಿಗೆ ದಾರ ಸುತ್ತಿಕೊಂಡು ಮೇಲೆ ಬಂತು. ಅಷ್ಟು ದೊಡ್ಡ ಕರಿಬೆನ್ನನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಮಾವ ಎರಡು ಬೆರಳಲ್ಲಿ ದಾರ ಬಿಡಿಸಿದ. ಮೀನನ್ನು ಕಂಕುಳಲ್ಲಿ ತಬ್ಬಿ ಆಚೆ ಬದಿಗೆ ಬಾಗಿದ. "ಹೋಗ್ಬಾ ತಾಯಿ" ಎಂದು ನೀರಿಗೆ ಬಿಟ್ಟ.

"ಮಾವ, ಏನು ಮಾಡ್ದೆ?"

"ಏನು ಮಾಡ್ದೆ? ದೊಡ್ಡಮ್ಮನ್ನ ಬಿಟ್ಟೆ."

"ಯಾವಾಗ್ಲೂ ಬಿಡ್ತೀಯಾ?"

ಅವನು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದ. "ಮತ್ತೆ? ಹೆರೋಳನ್ನ ಯಾರಾದ್ರೂ ಕೊಯ್ತಾರಾ? ನಮ್ಮಪ್ಪ ಬಿಡ್ತಿದ್ದ, ನಾನೂ ಬಿಡ್ತೀನಿ. ದಡದಲ್ಲಿ ಯಾರನ್ ಬೇಕಾದ್ರೂ ಕೇಳು."

"ಲ್ಯಾಬಿಗೆ ಹಿಡಿಯೋವಾಗಲೂ?"

"ನೀನೇ ಹೇಳಿದ್ಯಲ್ಲೇ! 'ಮಾವ, ದಿನಾ ಹೇಗೆ ಹಿಡೀತೀಯೋ ಹಾಗೇ ಹಿಡಿ, ಲ್ಯಾಬಿಗೆ ಅಂತ ಏನೂ ಬದಲಾಯಿಸ್ಬೇಡ' ಅಂತ. ನಾನು ಬದಲಾಯಿಸ್ಲಿಲ್ಲ."

ಹೌದು, ನಾನೇ ಹೇಳಿದ್ದೆ. ಜಾಣೆಯಂತೆ ಬೆರಳು ಕುಣಿಸುತ್ತ ಹೇಳಿದ್ದೆ. ಮೂರು ವರ್ಷ ಅವನು ನನ್ನ ಮಾತನ್ನು ಅಕ್ಷರ ತಪ್ಪದೆ ಪಾಲಿಸಿದ್ದಾನೆ; ದೊಡ್ಡ ಮೀನುಗಳನ್ನೆಲ್ಲ ಅಪ್ಪಿ ಮುದ್ದಾಡಿ ನೀರಿಗೆ ಬಿಟ್ಟು, ಉಳಿದದ್ದನ್ನು ನನಗೆ ತಂದುಕೊಟ್ಟಿದ್ದಾನೆ. ಸರೋವರದಲ್ಲಿ ದೊಡ್ಡ ಮೀನೇ ಇಲ್ಲ ಎಂದು ನಾನು ಸರ್ಕಾರಕ್ಕೆ ಬರೆದುಕೊಟ್ಟಿದ್ದೇನೆ. ಹತ್ತು ವರ್ಷಕ್ಕೇ ಓದಲೆಂದು ಪೇಟೆಯ ಹಾಸ್ಟೆಲಿಗೆ ಹೋದವಳು ನಾನು. ನಮ್ಮ ಮನೆಯಲ್ಲಿ ದೊಡ್ಡ ಮೀನು ಬೇಯಿಸಿದ್ದನ್ನು ಎಂದೂ ನೋಡಿರಲಿಲ್ಲ, ಯಾಕೆ ಎಂದು ಎಂದೂ ಕೇಳಿರಲಿಲ್ಲ. ಬೇರೆ ಯಾರಾದರೂ ಈ ಕೆಲಸಕ್ಕೆ ಬಂದಿದ್ದರೆ ಮೊದಲ ದಿನವೇ ಕೇಳುತ್ತಿದ್ದರು. ದಡದ ಹುಡುಗಿ, ಎಲ್ಲ ಗೊತ್ತು ಎಂಬ ಭ್ರಮೆ ನನಗೆ.

ಡಾಕ್ಟರಮ್ಮ ನನ್ನ ಮಾತು ಮುಗಿಯುವವರೆಗೆ ಕನ್ನಡಕ ಒರೆಸುತ್ತಲೇ ಇದ್ದರು. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ.

"ತಪ್ಪು ನಂದೂ ಹೌದು. ನಾನೂ ಕೇಳ್ಬೇಕಿತ್ತು," ಎಂದರು. ಕನ್ನಡಕ ಹಾಕಿಕೊಂಡು, "ವಿಚಾರಣೆಗೆ ಎಷ್ಟು ದಿನ ಇದೆ?"

"ಆರು."

"ಬಂಡೆ ಕೊಲ್ಲೀಲಿ ಬಲೆ ಬಿಡಿ. ದೊಡ್ಡವು ಹನ್ನೆರಡು ಬೇಕು. ಮೊದಲು ಬಂದ ಹನ್ನೆರಡು. ಇದು ಬೇಡ ಅದು ಬೇಕು ಅಂತ ಆರಿಸೋ ಹಾಗಿಲ್ಲ. ಹದಿಮೂರನೇದು ಬಂದ್ರೆ ಬಿಟ್ಬಿಡಿ."

ಮಾವನಿಗೆ ಹೇಳಿದಾಗ ಅವನು ಬಹಳ ಹೊತ್ತು ಹಲಗೆಯ ಅಂಚನ್ನು ಉಗುರಿನಲ್ಲಿ ಕೆರೆಯುತ್ತ ಕೂತ. "ದೋಣಿ ನಡೆಸ್ತೀನಿ. ಕೈ ಮುಟ್ಟಲ್ಲ," ಎಂದ. ಹಾಗೆಯೇ ಮಾಡಿದ. ಮೂರು ಬೆಳಿಗ್ಗೆ ಅವನು ಹುಟ್ಟು ಹಿಡಿದು ಆಚೆ ಮುಖ ಮಾಡಿ ಕೂತ. ನಾನು ಬಲೆ ಎಳೆದೆ, ನಾನೇ ತಲೆಗೆ ಹೊಡೆದೆ, ನಾನೇ ಕೊಯ್ದೆ. ಲ್ಯಾಬಿನಲ್ಲಿ ಸಾವಿರಾರು ತಲೆ ಬಿಚ್ಚಿದ ಕೈ ಇದು. ದೋಣಿಯಲ್ಲಿ ಎರಡೆರಡು ಸಲ ಹೊಡೆಯಬೇಕಾಯಿತು. ಕಾಲ ಕೆಳಗೆಲ್ಲ ಮೊಟ್ಟೆ ಚೆಲ್ಲಿ ಅಂಟಂಟಾಗಿತ್ತು.

ಹನ್ನೊಂದನೆಯದು ಬಂದಾಗ ಮಾವ ತಿರುಗಿ ನೋಡಿದ. ಅದರ ಕೆಳತುಟಿ ಯಾವುದೋ ಹಳೆಯ ಗಾಳಕ್ಕೆ ಹರಿದು ಎರಡಾಗಿತ್ತು.

"ಹರಿದ ತುಟಿಯವಳು," ಎಂದ. "ಇವಳನ್ನ ಬಿಡೇ. ಎಷ್ಟು ಸಲ ಬಿಟ್ಟಿದೀನೋ ನಂಗೇ ಗೊತ್ತಿಲ್ಲ. ಇವಳೊಬ್ಬಳನ್ನ ಬಿಡು, ಇನ್ನೊಂದು ಬರುತ್ತೆ."

"ಆರಿಸೋ ಹಾಗಿಲ್ಲ ಮಾವ."

"ಒಂದು ಮೀನು ಕಣೇ."

"ಮೂರು ವರ್ಷ ಆರಿಸಿದ್ದಕ್ಕೇ ಇವತ್ತು ಇಲ್ಲಿ ಕೂತಿರೋದು!" ಎಂದು ಕಿರುಚಿದೆ. ಕೊಲ್ಲಿಯ ಬಂಡೆಗಳಿಂದ ನನ್ನದೇ ದನಿ ತಿರುಗಿ ಬಂತು. ಮಾವ ಮತ್ತೆ ಆಚೆ ತಿರುಗಿದ. ನಾನು ಹೊಡೆದೆ. ನಾನು ಅತ್ತೆನೆಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಅವನಿಗೆ ಕಾಣದ ಹಾಗೆ ಅತ್ತೆ.

ಬುಧವಾರ ಮಧ್ಯಾಹ್ನದ ಹೊತ್ತಿಗೆ ಹನ್ನೆರಡೂ ಕಲ್ಲುಗಳನ್ನು ಓದಿ ಮುಗಿಸಿದ್ದೆವು. ಡಾಕ್ಟರಮ್ಮನ ಚೀಟಿ, ನನ್ನ ಚೀಟಿ, ಹನ್ನೆರಡರಲ್ಲೂ ಒಂದೇ ಅಂಕಿ. ಹರಿದ ತುಟಿಯವಳಿಗೆ ಮೂವತ್ತಮೂರು, ಎಲ್ಲರಿಗಿಂತ ಹಿರಿಯಳು. ಎಲ್ಲಕ್ಕಿಂತ ಕಿರಿದಕ್ಕೆ ಹತ್ತೊಂಬತ್ತು. ಹಳೆಯ ಆರುನೂರ ಹನ್ನೆರಡರ ಪಕ್ಕಕ್ಕೆ ಇವನ್ನಿಟ್ಟು ನೋಡಿದೆವು. ಒಂದರಿಂದ ಏಳರವರೆಗೆ ಇದ್ದವು. ಹತ್ತೊಂಬತ್ತರಿಂದ ಮೇಲೆ ಇದ್ದವು. ಎಂಟರಿಂದ ಹದಿನೆಂಟರವರೆಗೆ ಖಾಲಿ. ಹನ್ನೊಂದು ವರ್ಷಗಳಲ್ಲಿ ಒಂದೇ ಒಂದು ಮರಿಯೂ ಬೆಳೆದು ತಾಯಿಯಾಗಿಲ್ಲ. ಇರುವ ಮುದುಕಿಯರು ಸತ್ತರೆ ಸರೋವರಕ್ಕೆ ಬೇರೆ ಗತಿಯಿಲ್ಲ.

"ಹನ್ನೊಂದು ವರ್ಷದ ಹಿಂದೆ ಏನೋ ಆಗಿದೆ," ಎಂದರು ಡಾಕ್ಟರಮ್ಮ. "ಏಳು ವರ್ಷದೊಳಗಿನವನ್ನೆಲ್ಲ ಹಿಡಿಯೋಕೆ ಶುರುಮಾಡಿದಾರೆ. ಆಗ್ಲೇ ಏಳು ದಾಟಿದ್ದವು ಮಾತ್ರ ಉಳ್ಕೊಂಡಿವೆ. ಬೋಟುಗಳು ಬಂದಿದ್ದು ಯಾವಾಗ?"

"ಹನ್ನೆರಡು ವರ್ಷ ಆಯ್ತು."

"ಸರಿಹೋಗುತ್ತೆ. ಆದ್ರೆ ಬಂಡೆ ಕೊಲ್ಲಿಗೆ ಬೋಟು ಬರಲ್ವಲ್ಲ? ಅಲ್ಲೂ ಅದೇ ಖಾಲಿ ಇದೆ."

ಕೆಳಗೆ ಯಂತ್ರ ಶುರುವಾಯಿತು. ಮೇಜಿನ ಮೇಲೆ ಲೋಟ ಗಡಗಡ ಎಂದಿತು. ನಾನು ಕೈಕಟ್ಟಿ ಕೂತೆ. ಹನ್ನೊಂದು ವರ್ಷದ ಹಿಂದೆ ಏನಾಯಿತೆಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಕಾಲೇಜಿನ ರಜೆಗೆ ಮನೆಗೆ ಬಂದಿದ್ದೆ. ಬೋಟುಗಳು ಬಂದು ಒಂದು ವರ್ಷವಾಗಿತ್ತು, ದಡದವರ ಬಲೆಗೆ ಮೀನೇ ಬೀಳುತ್ತಿರಲಿಲ್ಲ. ಅದುವರೆಗೆ ನಮ್ಮದು ಆರು ಬೆರಳಿನ ಬಲೆ. ಅಮ್ಮ ಜಗುಲಿಯಲ್ಲಿ ಕೂತು, ಆರರಲ್ಲಿ ಎರಡು ಬೆರಳು ಮಡಚಿ, ಮೊದಲ ನಾಲ್ಕು ಬೆರಳಿನ ಕಣ್ಣು ಹೆಣೆದಳು. ಮುಂದಿನ ವಾರ ಎಲ್ಲರ ಮನೆಯಲ್ಲೂ ಒಲೆ ಉರಿಯಿತು. ಎಲ್ಲರೂ ಅಮ್ಮನನ್ನು ಹೊಗಳಿದರು. ನಾನೂ ಹೊಗಳಿದ್ದೆ.

ಹೆತ್ತವರನ್ನು ಕೈಮುಗಿದು ಬಿಟ್ಟು, ನಾಳೆ ಹೆರಬೇಕಾದವರನ್ನು ಹನ್ನೊಂದು ವರ್ಷ ತಿಂದಿದ್ದೆವು.

ಯಂತ್ರ ನಿಂತ ಮೇಲೆ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಅವರು ಕೇಳಿ, "ಬರೆಯೋದು ನೀನು. ಸಹಿ ಇಬ್ಬರೂ ಮಾಡೋಣ," ಎಂದರು. ಆಮೇಲೆ ನನ್ನ ಬೆನ್ನಿನ ಮೇಲೆ ಒಂದು ಸಲ ಕೈಯಿಟ್ಟರು. ಅವರಿಂದ ಅಷ್ಟು ಬಂದರೆ ಬಹಳ.

ಗುರುವಾರ ಮನೆಗೆ ಹೋದೆ. ವಿಚಾರಣೆಯಲ್ಲಿ ಎಲ್ಲರೆದುರು ಕೇಳುವುದಕ್ಕಿಂತ ಅಮ್ಮ ಮೊದಲೇ ನನ್ನ ಬಾಯಿಂದ ಕೇಳಲಿ ಎಂದಿತ್ತು. ಅವಳು ಬಾಗಿಲ ಬಳಿ ಬೆಳಕಿಗೆ ಕೂತು ನಾಳೆಗೆಂದು ತನ್ನ ಒಳ್ಳೆಯ ಬಟ್ಟೆಯ ಗುಂಡಿ ಹೊಲಿಯುತ್ತಿದ್ದಳು. ಮಾವ ಒಳಗೆ ಗೋಡೆಗೊರಗಿದ್ದ. ಮರಿಗಳು ಬೆಳೆದು ತಾಯಿಯಾಗಲು ಏಳು ವರ್ಷ ಬೋಟೂ ಬಲೆಯೂ ನಿಲ್ಲಬೇಕು ಎಂಬುದರವರೆಗೆ ನಾನು ಹೇಳುತ್ತ ಹೋದ ಹಾಗೆ ಸೂಜಿ ನಿಂತಿತು.

"ಯಾರ್ ಯಾರಿಗೆ ಗೊತ್ತು ಇದು?"

"ನನಗೆ, ಡಾಕ್ಟರಮ್ಮನಿಗೆ. ಈಗ ನಿಮ್ಮಿಬ್ಬರಿಗೆ."

"ಬೋಟುಗಳೂ ಆಗಲೇ ಬಂದಿದ್ದಲ್ವಾ? ಅಷ್ಟೇ ಹೇಳು. ಸುಳ್ಳೇನಲ್ಲ."

"ಅರ್ಧ ನಿಜ ಅಮ್ಮ."

"ಇನ್ನರ್ಧ ಅವರ ವಕೀಲ ಹುಡುಕ್ಕೊಳ್ಲಿ! ನೀನ್ಯಾಕೆ ತಟ್ಟೇಲಿಟ್ಟು ಕೊಡ್ತೀಯ?" ಗುಂಡಿ ಜಾರಿ ನೆಲಕ್ಕೆ ಬಿದ್ದು ಉರುಳಿತು. ಇಬ್ಬರೂ ಎತ್ತಲಿಲ್ಲ. "ನಾಲ್ಕು ಬೆರಳಿನ ಬಲೆ ಅಂತ ಬರೆದಿದೀಯ?"

"ಬರೆದಿದೀನಿ."

"ಅದನ್ನ ಹೆಣೆದೋಳು ಯಾರು ಅಂತ?"

"ಅದು ಬೇಕಾಗಿಲ್ಲ."

"ಬೇಕಾಗಿಲ್ಲ! ದಡದಲ್ಲಿ ಬಲೆ ಹೆಣೆಯೋರು ಹತ್ತು ಜನ ಇದಾರೆ ನೋಡು." ಅವಳ ದನಿ ಒಡೆಯಿತು. "ಆ ವರ್ಷ ಮಕ್ಕಳು ಹಸ್ಕೊಂಡು ಮಲಗ್ತಿದ್ವು ಕಣೇ. ನಾನೇನು ಮೋಜಿಗೆ ಬೆರಳು ಮಡಚಿದ್ನಾ? ನಿನ್ನ ಓದಿಸಿದ್ದು ಇದಕ್ಕಾ, ಊರೆದುರು ನನ್ನ ಕೈ ತೋರಿಸೋಕೆ?"

ನನಗೂ ರೇಗಿತು. "ಓದಿಸಿದ್ದು ಎಣಿಸೋಕೆ ಅಮ್ಮ, ನಿಂಗೆ ಬೇಕಾದಷ್ಟೇ ಎಣಿಸೋಕಲ್ಲ. ಬೋಟು ಮಾತ್ರ ನಿಂತ್ರೆ ಮುದುಕೀರು ಸಾಯೋವರೆಗೂ ನಾವು ಮರಿಗಳನ್ನ ತಿಂತಾನೇ ಇರ್ತೀವಿ. ಆಮೇಲೆ?"

"ಆಮೇಲೆದು ಆಮೇಲೆ. ಏಳು ವರ್ಷ ಬಲೆ ಎತ್ತಿಟ್ರೆ ನಾಳೆ ಏನು ತಿನ್ನೋದು, ಅದನ್ನ ಹೇಳು."

ಮಾವ ಮೆಲ್ಲಗೆ ಬಂದು, ನೆಲದಲ್ಲಿ ತಡಕಾಡಿ ಗುಂಡಿ ಹುಡುಕಿ ಅಮ್ಮನ ಮಡಿಲಿಗೆ ಹಾಕಿ ಹೋದ. ಅಮ್ಮ ಸೂಜಿಗೆ ದಾರ ಪೋಣಿಸಲು ನೋಡಿದಳು. ನಾಲ್ಕು ಸಲ ತಪ್ಪಿತು. ನಾನು ಕೈಚಾಚಿದೆ. ಕೊಡಲಿಲ್ಲ.

ವಿಚಾರಣೆಯ ಸಭಾಂಗಣದಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ದಡದ ನಲವತ್ತು ಮನೆಯವರೂ ಒಗೆದ ಬಟ್ಟೆ ತೊಟ್ಟು ಬಂದಿದ್ದರು. ಗೆದ್ದೇಬಿಟ್ಟೆವು ಎಂಬ ಮುಖಗಳು. ಹಿಂದಿನ ಸಾಲಿನಿಂದ ಯಾರೋ ನನಗೆ ಕೈಬೀಸಿದರು. ಅಧಿಕಾರಿಗೆ ನೆಗಡಿಯಾಗಿತ್ತು, ಕರವಸ್ತ್ರದೊಳಗಿನಿಂದಲೇ ಶುರುಮಾಡಿ ಎಂದರು.

ನಾನು ಎದ್ದು ಓದಿದೆ. ಹಿಂದಿನ ವರದಿಯಲ್ಲಿ ನಮ್ಮಿಂದ ತಪ್ಪಾಗಿದೆ ಎಂದು ಓದಿದೆ. ಆ ತಪ್ಪು ಹೇಗಾಯಿತು, ದೊಡ್ಡ ಮೀನುಗಳು ಎಲ್ಲಿದ್ದವು, ನಡುವಿನ ಹನ್ನೊಂದು ವರ್ಷ ಹೇಗೆ ಖಾಲಿಯಾಯಿತು ಎಂದು ಓದಿದೆ. ತೆರೆದ ನೀರಿನಲ್ಲಿ ಬೋಟುಗಳು, ಕೊಲ್ಲಿಯಲ್ಲಿ ದಡದವರ ನಾಲ್ಕು ಬೆರಳಿನ ಬಲೆ. ಎರಡೂ ಏಳು ವರ್ಷ ನಿಲ್ಲಬೇಕು. ಓದುತ್ತಿದ್ದ ಹಾಗೆ ಹಿಂದೆ ಬೆಂಚುಗಳು ಕಿರುಗುಟ್ಟಿದವು. ಯಾರೋ "ಏನಂದ್ಲು?" ಎಂದು ಪಕ್ಕದವರನ್ನು ಕೇಳಿದರು.

ನೀಲಿ ಟೈ ಕಟ್ಟಿದ ಕಂಪನಿಯ ವಕೀಲರು ಖುಷಿಯಲ್ಲಿ ಅರ್ಧ ಎದ್ದೇ ನಿಂತಿದ್ದರು. "ನೋಡಿ ಸರ್, ತಪ್ಪು ಅಂತ ಅವರೇ ಒಪ್ಕೊಂಡ್ರು. ಮೂರು ವರ್ಷದಿಂದ ಹೇಳ್ತಾ ಇದೀವಿ, ಈ ಲ್ಯಾಬು ದಡದವರ ಕೈಗೊಂಬೆ. ಎಣಿಸೋಳು ಅಧ್ಯಕ್ಷರ ಮಗಳು, ಮೀನು ತರೋನು ಅಧ್ಯಕ್ಷರ ತಮ್ಮ. ಇವರ ಎರಡು ವರದೀನೂ ಕಸದ ಬುಟ್ಟಿಗೆ ಹಾಕಿ."

ಅಧಿಕಾರಿ ಕರವಸ್ತ್ರ ಕೆಳಗಿಟ್ಟು ಅಮ್ಮನ ಕಡೆ ನೋಡಿದರು. "ಹೊಸ ವರದೀನ ನಿಮ್ಮ ಸಂಘ ಒಪ್ಪುತ್ತಾ, ಇಲ್ವಾ?"

ಅಮ್ಮ ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೋಟುಗಳು ಇರುತ್ತಿದ್ದವು, ನಮ್ಮ ಬಲೆಯೂ ಇರುತ್ತಿತ್ತು, ಇವತ್ತಿನ ಊಟವೂ ಇರುತ್ತಿತ್ತು. ಅವಳು ಎದುರಿನ ಬೆಂಚು ಹಿಡಿದು ಎದ್ದಳು. ನನ್ನ ಕಡೆ ನೋಡಲಿಲ್ಲ.

"ಅವಳು ನನ್ನ ಮಗಳು ಅನ್ನೋದು ನಿಜ ಸ್ವಾಮಿ. ಲ್ಯಾಬು ನಮ್ಮದಲ್ಲ. ನಮ್ಮದಾಗಿದ್ರೆ ಇಂಥದ್ದು ಬರೀತಿತ್ತಾ?" ವಕೀಲರು ಬಾಯಿ ತೆರೆದರು. ಅಮ್ಮ ಕೈಯೆತ್ತಿ ತಡೆದಳು. "ಆ ನಾಲ್ಕು ಬೆರಳಿನ ಬಲೆ ಹೆಣೆದೋಳು ನಾನು. ಇದೇ ಕೈ. ಸಂಘ ಒಪ್ಪುತ್ತೆ. ಒಪ್ಪದೇ ಇರೋರು ನನ್ನ ಹತ್ರ ಬಂದು ಮಾತಾಡ್ಲಿ, ಅವಳ ಹತ್ರ ಅಲ್ಲ."

ಕೂತಳು. ವಕೀಲರೂ ಕೂತರು.

ಇಪ್ಪತ್ತು ದಿನದಲ್ಲಿ ಆದೇಶ ಬಂತು. ಇಬ್ಬರಿಗೂ ಏಳು ವರ್ಷ ನಿಷೇಧ. ಪ್ರತಿ ವರ್ಷ ನಮ್ಮ ಲ್ಯಾಬಿನ ಎಣಿಕೆ ನೋಡಿ ಮುಂದಿನ ತೀರ್ಮಾನ. ಡಾಕ್ಟರಮ್ಮ ಅದನ್ನು ಎರಡು ಸಲ ಓದಿ, "ಗೆದ್ವಿ," ಎಂದರು. ಯಾರೋ ಸತ್ತ ಸುದ್ದಿ ಹೇಳುವ ದನಿಯಲ್ಲಿ ಹೇಳಿದರು. ಬೋಟುಗಳು ಒಂಬತ್ತು ದಿನದಲ್ಲಿ ಖಾಲಿ ಮಾಡಿದವು. ಅವಕ್ಕೆ ಬೇರೆ ನೀರಿತ್ತು. ನಮಗಿರಲಿಲ್ಲ. ದಡದ ಗಂಡಸರಲ್ಲಿ ಅರ್ಧ ಜನ ರಸ್ತೆ ಕೆಲಸಕ್ಕೆ, ಇಟ್ಟಿಗೆ ಹೊರಲು ಹೋದರು. ಮೀನಿಲ್ಲದೆ ಮಂಜುಗಡ್ಡೆ ಯಾರಿಗೆ ಬೇಕು? ಕೆಳಗಿನ ಕಾರ್ಖಾನೆಯೂ ಬಾಗಿಲು ಹಾಕಿತು. ಈಗ ನಮ್ಮ ಸೂಕ್ಷ್ಮದರ್ಶಕ ಅಲುಗಾಡುವುದಿಲ್ಲ. ಇಡೀ ದಿನ ನೆಮ್ಮದಿಯಾಗಿ ಎಣಿಸಬಹುದು. ಆ ನೆಮ್ಮದಿಗೆ ಬೆಂಕಿ ಬೀಳಲಿ.

ದಡದಲ್ಲಿ ನಡೆದರೆ ಜನ ಮುಖ ತಿರುಗಿಸುತ್ತಾರೆ. ಕೈಬೀಸಿದವರು ಬಾಗಿಲು ಹಾಕಿಕೊಳ್ಳುತ್ತಾರೆ. ಮಾವ ಮಾತ್ರ ತಿಂಗಳಿಗೊಮ್ಮೆ ನನ್ನನ್ನು ದೋಣಿಯಲ್ಲಿ ಕರೆದೊಯ್ಯುತ್ತಾನೆ. ಎಣಿಕೆಗೆ ಬೇಕಾದಷ್ಟು ಹಿಡಿಯುತ್ತೇವೆ, ಬಂದದ್ದನ್ನು ಬಂದ ಹಾಗೆ, ಆರಿಸದೆ. ಹರಿದ ತುಟಿಯವಳ ಮಾತನ್ನು ಅವನು ಎತ್ತಿಲ್ಲ, ನಾನೂ ಎತ್ತಿಲ್ಲ.

ಅಮ್ಮ ನನ್ನ ಜೊತೆ ಮಾತು ಬಿಟ್ಟಳು. ಭಾನುವಾರ ಮನೆಗೆ ಹೋದರೆ ಊಟ ಬಡಿಸುತ್ತಿದ್ದಳು, ಮಾತೆಲ್ಲ ಮಾವನ ಮೂಲಕ. "ನಿನ್ನ ಸೊಸೆಗೆ ಹೇಳು, ಊಟ ಆರ್ತಾ ಇದೆ." ಮಾವ ನನ್ನ ಕಡೆ ತಿರುಗಿ, "ಊಟ ಆರ್ತಾ ಇದೆಯಂತೆ," ಎನ್ನುತ್ತಿದ್ದ. "ಉಪ್ಪು ಕಮ್ಮಿಯಾಗಿದೆ ಅಂತ ಹೇಳು," ಎನ್ನುತ್ತಿದ್ದೆ. "ಉಪ್ಪು ಕಮ್ಮಿಯಂತೆ." "ಹಾಕ್ಕೊಂಡು ತಿನ್ನಕ್ಕೆ ಹೇಳು." ಐದು ತಿಂಗಳು ಹೀಗೇ ನಡೆಯಿತು. ಅವನ ತಾಳ್ಮೆ ದೊಡ್ಡದು.

ಕಳೆದ ಭಾನುವಾರ ಹೋದಾಗ ಮಾವ ಇರಲಿಲ್ಲ. ಅಮ್ಮ ಜಗುಲಿಯಲ್ಲಿ ಹೊಸ ದಾರದ ಉಂಡೆ, ಬಲೆ ಹೆಣೆಯುವ ಸೂಜಿ ಇಟ್ಟುಕೊಂಡು ಕೂತಿದ್ದಳು. ನಾನು ಬಂದ ಸದ್ದಿಗೆ ತಲೆಯೆತ್ತಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಹೇಳಿಸಲು ಯಾ​ರೂ ಸಿಗಲಿಲ್ಲ.

"ಕಣ್ಣು ಎಷ್ಟಿರ್ಬೇಕು?" ಎಂದು ಕೇಳಿದಳು. "ಏಳು ವರ್ಷ ಆದ್ಮೇಲೆ. ನಿನ್ನ ಲೆಕ್ಕದಲ್ಲಿ."

"ಆರು ಬೆರಳು. ಎರಡು ಮೂರು ಸಲ ಮೊಟ್ಟೆ ಇಟ್ಟ ಮೇಲೇ ಸಿಗುತ್ತೆ."

"ಮೊದಲಿದ್ದಿದ್ದೇ."

"ಮೊದಲಿದ್ದಿದ್ದೇ."

ಅವಳು ತನ್ನ ಕೈಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಗಂಟುಗಳೆಲ್ಲ ಊದಿದ್ದವು. "ನನ್ನ ಬೆರಳಿಗೆ ಈಗ ನಂಬಿಕೆ ಇಲ್ಲ. ನಿನ್ನ ಕೈ ಕೊಡು."

ಎದುರಿಗೆ ಕೂತು ಕೈ ಚಾಚಿದೆ. ಬಲಗೈಯ ನಾಲ್ಕು, ಎಡಗೈಯ ಎರಡು, ಆರು ಬೆರಳು ಜೋಡಿಸಿದೆ. ಅಮ್ಮ ಅದರ ಸುತ್ತ ದಾರ ತಂದು, ಮುಖವನ್ನು ನನ್ನ ಕೈಗೆ ತಾಗುವಷ್ಟು ಹತ್ತಿರ ತಂದು, ಕಣ್ಣಿಗಿಂತ ಹೆಚ್ಚಾಗಿ ಬೆರಳಿನಿಂದಲೇ ನೋಡುತ್ತ ಮೊದಲ ಗಂಟು ಹಾಕಿದಳು. ಅವಳ ಉಸಿರು ನನ್ನ ಕೈಗೆ ತಾಗುತ್ತಿತ್ತು. ಏನಾದರೂ ಹೇಳಬೇಕೆನಿಸಿತು.

"ಇನ್ನೂ ಏಳು ವರ್ಷ ಇದೆಯಲ್ಲಮ್ಮ. ಈಗ್ಲೇ ಯಾಕೆ?"

"ನಿಂಗಿದೆ," ಎಂದಳು. "ನಂಗೆ ಈ ಚಳಿಗಾಲ ಕಳೆದ್ರೆ ದಾರ ಕಾಣಲ್ಲ. ನಲವತ್ತು ಮನೆ ಇದೆ. ಅಲ್ಲಾಡ್ಬೇಡ."